ಎಂಜಿನಿಯರರ ಶಿಕ್ಷಣವೂ ಅವರ ಮರ್ಯಾದೆಯೂ

ನಮ್ಮ ನಾಡಿನಲ್ಲಿ ‘ಎಂಜಿನಿಯರು’ ಎಂಬ ಮಾತಿಗೆ ಒಂದು ಕಾಲಕ್ಕೆ ಇದ್ದ ತೂಕ ಇಂದು ಉಳಿದಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಒಂದು ಮನೆಯ ಹುಡುಗ ಎಂಜಿನಿಯರನಾದನೆಂದರೆ ಊರಿಗೆ ಊರೇ ಅದನ್ನು ಹೇಳಿಕೊಂಡು ಹೆಮ್ಮೆಪಡುತ್ತಿತ್ತು. ಈಗಲಾದರೋ, ಬೆಂಗಳೂರಿನ ಬೀದಿಯಲ್ಲಿ ಕಲ್ಲೆಸೆದರೆ ಅದು ಎಂಜಿನಿಯರೊಬ್ಬನಿಗೇ ತಗಲುತ್ತದೆಂಬ ಚಾಟೂಕ್ತಿಯೂ ಹಳೆಯದಾಗಿಹೋಗಿದೆ. ದ್ವಿತೀಯ ಪಿ.ಯು.ಸಿ. ಮುಗಿಸಿದ ವಿದ್ಯಾರ್ಥಿಗಳು ಪ್ರತಿವರ್ಷವೂ ಈ ವೃತ್ತಿಯ ಬಾಗಿಲಿನಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ, ನಿಜ. ಆದರೆ ಅವರಲ್ಲಿ ಎಷ್ಟೋ ಮಂದಿ ಏನಾದರೊಂದು ಕೆಲಸ ಸಿಕ್ಕೀತೆಂಬ ಆಸೆಯಿಂದ ಬರುತ್ತಾರೆಯೇ ಹೊರತು, ಈ ವೃತ್ತಿ ತಮ್ಮಿಂದ ಏನನ್ನು ಕೇಳುತ್ತದೆಂಬುದನ್ನು ಯೋಚಿಸಿ ಬರುವುದಿಲ್ಲ.

ಈ ಇಳಿತಕ್ಕೆ ಕಾರಣವೇನು? ಕಾಲೇಜುಗಳು ಹೆಚ್ಚಿದುವು, ಪದವೀಧರರು ಹೆಚ್ಚಿದರು, ಹೆಚ್ಚಿದ ವಸ್ತುವಿಗೆ ಬೆಲೆ ಕಡಿಮೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ, ಆದರೆ ಇದೇ ಪೂರ್ಣ ಸತ್ಯವಲ್ಲ. ಒಂದು ವೃತ್ತಿಗೆ ಮರ್ಯಾದೆ ಎಲ್ಲಿಂದ ಬರುತ್ತದೆ, ಆ ಮರ್ಯಾದೆಗೂ ವೃತ್ತಿಶಿಕ್ಷಣದ ರೀತಿಗೂ ಇರುವ ಸಂಬಂಧವೇನು ಎಂಬುದನ್ನು ಮೊದಲು ವಿಚಾರಮಾಡಬೇಕು. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ಪ್ರಶ್ನೆ ಹೊರಗಿನದಲ್ಲ; ಎಂಜಿನಿಯರಾಗಲಿರುವವರು ಬಲ ಮತ್ತು ಭಾರಗಳ ಮೊದಲ ಪಾಠಗಳನ್ನು ಕಲಿಯುವುದು ನಮ್ಮ ತರಗತಿಗಳಲ್ಲಿಯೇ.

ಕಾಲುವೆಯ ದಂಡೆಯ ಪಾಠಶಾಲೆ

ಭಾರತದ ಮೊದಲ ಎಂಜಿನಿಯರಿಂಗ್ ಕಾಲೇಜು 1847ರಲ್ಲಿ ಉತ್ತರದ ರೂರ್ಕಿಯಲ್ಲಿ ಪ್ರಾರಂಭವಾಯಿತು. ಆ ಸಣ್ಣ ಊರನ್ನೇ ಆರಿಸಿಕೊಂಡುದಕ್ಕೆ ಕಾರಣವಿತ್ತು. ಗಂಗಾ ಕಾಲುವೆಯ ಕೆಲಸ ಆಗ ಅಲ್ಲಿ ನಡೆಯುತ್ತಿತ್ತು. ಸೋಲಾನಿ ಎಂಬ ನದಿಯ ಮೇಲಿನಿಂದ ಇಡೀ ಕಾಲುವೆಯನ್ನೇ ದಾಟಿಸುವ ಭಾರಿ ಮೇಲ್ಗಾಲುವೆಯನ್ನು ಕಟ್ಟಬೇಕಾಗಿತ್ತು. ಇಷ್ಟು ದೊಡ್ಡ ಕೆಲಸಕ್ಕೆ ಬೇಕಾದ ಜನರನ್ನು ಕೆಲಸದ ಸ್ಥಳದ ಮಗ್ಗುಲಲ್ಲಿಯೇ ತಯಾರುಮಾಡುವುದು ಅಂದಿನ ಉದ್ದೇಶ. ತರಗತಿಯ ಒಳಗೆ ಗಣಿತ, ನಕ್ಷೆ, ಭೂಮಾಪನ. ಹೊರಗೆ ಬಂದರೆ ಮಣ್ಣು, ಇಟ್ಟಿಗೆ, ಗಾರೆ, ಹರಿಯುವ ನೀರು. ಕಾಲುವೆಗೆ 1854ರಲ್ಲಿ ನೀರು ಬಿಟ್ಟರು. ಅದೇ ವರ್ಷ ಪುಣೆಯಲ್ಲಿಯೂ ಎಂಜಿನಿಯರಿಂಗ್ ತರಗತಿಯೊಂದು ಆರಂಭವಾಗಿ, ಮುಂದೆ ಕಾಲೇಜಾಗಿ ಬೆಳೆಯಿತು.

ಆ ಪುಣೆಯ ಕಾಲೇಜಿನಿಂದ 1883ರಲ್ಲಿ ತೇರ್ಗಡೆಯಾಗಿ ಹೊರಬಂದವರು ನಮ್ಮ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು. ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರರಾಗಿ ಸೇರಿ, ಕಾಲುವೆ, ಕೊಳವೆ, ಕುಡಿಯುವ ನೀರಿನ ಕೆಲಸಗಳಲ್ಲಿ ಅವರು ಕಳೆದ ಕಾಲ ಬಲು ದೀರ್ಘವಾದುದು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ಯೋಜಿಸಿದ, ನೀರು ನಿಗದಿಯಾದ ಮಟ್ಟಕ್ಕೇರಿದೊಡನೆ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳು ಜೋಡಣೆಯಾದುದು 1903ರಲ್ಲಿ. ಕಾಲೇಜು ಬಿಟ್ಟು ಆಗ ಇಪ್ಪತ್ತು ವರ್ಷಗಳಾಗಿದ್ದುವು. ಅವರ ಹೆಸರನ್ನು ಹೇಳಿ ಹೆಮ್ಮೆಪಡುವಾಗ ಈ ಇಪ್ಪತ್ತು ವರ್ಷಗಳನ್ನು ನಾವು ಸಾಮಾನ್ಯವಾಗಿ ಮರೆತುಬಿಡುತ್ತೇವೆ. ಪದವಿ ಅವರ ಶಿಕ್ಷಣದ ಮೊದಲ ಭಾಗವಾಗಿತ್ತೇ ಹೊರತು ಕೊನೆಯ ಭಾಗವಾಗಿರಲಿಲ್ಲ.

1909ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರರಾಗಿ ಬಂದರು. 1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಕಟ್ಟೆ ಕಟ್ಟುವ ಕೆಲಸ ಮೊದಲಾಯಿತು. ಕಟ್ಟೆ ತುಂಬಿದಾಗ ನದಿಯ ತಳದಿಂದ ನೀರಿನ ಎತ್ತರ 124 ಅಡಿಗಿಂತ ಹೆಚ್ಚು, ಎಂದರೆ ಸುಮಾರು 38 ಮೀಟರು. ಒಂದು ಘನ ಮೀಟರು ನೀರಿನ ತೂಕ ಒಂದು ಟನ್ನೆಂಬುದನ್ನು ನೆನೆದರೆ, ಆ ಆಳದಲ್ಲಿ ಕಟ್ಟೆಯ ಪ್ರತಿಯೊಂದು ಚದರ ಮೀಟರನ್ನೂ ನೀರು ಸುಮಾರು 38 ಟನ್ನಿನಷ್ಟು ಬಲದಿಂದ ತಳ್ಳುತ್ತದೆಂದು ಪಿ.ಯು.ಸಿ. ವಿದ್ಯಾರ್ಥಿಯೂ ಲೆಕ್ಕಹಾಕಬಲ್ಲನು. ಅದನ್ನು ತಡೆದು ನಿಲ್ಲಿಸಿರುವುದು ಕಲ್ಲು ಮತ್ತು ಸುರ್ಕಿ ಗಾರೆ. ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದು ಮಾಡುವ ಗಾರೆ ಎಷ್ಟು ದಿನಕ್ಕೆ ಎಷ್ಟು ಗಟ್ಟಿಯಾಗುತ್ತದೆಂಬುದು ಸೂತ್ರದಿಂದ ಮಾತ್ರ ತಿಳಿಯುವ ವಿಷಯವಲ್ಲ. ಅದನ್ನು ಅರೆಸಿ, ಕಟ್ಟಿಸಿ, ಪರೀಕ್ಷಿಸಿ ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ಎರಡು ಬಗೆಯ ಗೌರವ

ಆ ಕಾಲದ ಎಂಜಿನಿಯರಿಗೆ ಸಲ್ಲುತ್ತಿದ್ದ ಗೌರವದಲ್ಲಿ ಎರಡು ಎಳೆಗಳು ಹೆಣೆದುಕೊಂಡಿದ್ದುವು. ಒಂದು, ಅಧಿಕಾರದ ಎಳೆ. ಎಂಜಿನಿಯರೆಂದರೆ ಸರ್ಕಾರದ ಅಧಿಕಾರಿ. ಜವಾನರು, ಡೇರೆ, ಪ್ರವಾಸಿ ಬಂಗಲೆ ಎಲ್ಲವೂ ಆತನ ಸುತ್ತ ಇರುತ್ತಿದ್ದುವು. ಬ್ರಿಟಿಷರ ಆಳ್ವಿಕೆಯಲ್ಲಿ ಮೇಲಿನ ಹುದ್ದೆಗಳು ಬಹುಮಟ್ಟಿಗೆ ಐರೋಪ್ಯರಿಗೇ ಮೀಸಲಾಗಿದ್ದುವು. ಅಂಥವರನ್ನು ತಯಾರುಮಾಡುವುದಕ್ಕೆಂದೇ ಇಂಗ್ಲೆಂಡಿನ ಕೂಪರ್ಸ್ ಹಿಲ್ ಎಂಬಲ್ಲಿ ಒಂದು ಕಾಲೇಜು 1906ರವರೆಗೂ ನಡೆಯುತ್ತಿತ್ತು. ಈ ಬಗೆಯ ಗೌರವ ಕಡಿಮೆಯಾದುದಕ್ಕೆ ಯಾರೂ ವ್ಯಥೆಪಡಬೇಕಾಗಿಲ್ಲ.

ಇನ್ನೊಂದು, ಹೊಣೆಯ ಎಳೆ. ಕಟ್ಟೆ ನಿಂತರೆ ಆ ಕೀರ್ತಿ ಎಂಜಿನಿಯರಿಗೆ. ಬಿರಿದರೆ ಆ ಅಪಕೀರ್ತಿಯೂ ಆತನಿಗೇ. ಕೆಳಗಿನ ಊರುಗಳ ಜನ ರಾತ್ರಿ ನಿಶ್ಚಿಂತೆಯಿಂದ ನಿದ್ರಿಸುವುದು ಆತನ ಲೆಕ್ಕಾಚಾರವನ್ನೂ ಪ್ರಾಮಾಣಿಕತೆಯನ್ನೂ ನಂಬಿ. ಈ ನಂಬಿಕೆಯೇ ನಿಜವಾದ ಮರ್ಯಾದೆ. ಇಂದು ಕಡಿಮೆಯಾಗಿರುವುದು ಇದಾಗಿದ್ದರೆ ಆ ವಿಚಾರ ಎಂಜಿನಿಯರರ ಮನೆಯ ವಿಚಾರವಾಗಿ ಉಳಿಯುವುದಿಲ್ಲ. ಸೇತುವೆಯ ಮೇಲೆ ನಡೆಯುವ ನಮ್ಮೆಲ್ಲರದೂ ಆಗುತ್ತದೆ.

ಸೂತ್ರವೂ ಉಕ್ಕೂ

ಭೌತಶಾಸ್ತ್ರದ ಲೆಕ್ಕಕ್ಕೂ ಎಂಜಿನಿಯರನ ಲೆಕ್ಕಕ್ಕೂ ಇರುವ ವ್ಯತ್ಯಾಸವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಸಾಧಾರಣ ಮೆದು ಉಕ್ಕು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 250 ನ್ಯೂಟನ್ ಎಳೆತವನ್ನು ತಡೆಯಬಲ್ಲುದು. ಅದಕ್ಕಿಂತ ಹೆಚ್ಚಾದರೆ ಶಾಶ್ವತವಾಗಿ ಹಿಗ್ಗಿಬಿಡುತ್ತದೆ. 100 ಚದರ ಮಿಲಿಮೀಟರು ಅಡ್ಡಕೊಯ್ತವುಳ್ಳ ಸಲಾಕೆ ಎಷ್ಟು ಭಾರವನ್ನು ಹೊರಬಲ್ಲುದೆಂದು ಕೇಳಿದರೆ, ನಮ್ಮ ವಿದ್ಯಾರ್ಥಿ 25,000 ನ್ಯೂಟನ್, ಎಂದರೆ ಸುಮಾರು 2,500 ಕಿಲೋಗ್ರಾಮು ಎಂದು ಉತ್ತರಿಸುತ್ತಾನೆ. ಪೂರ್ಣ ಅಂಕ ಪಡೆಯುತ್ತಾನೆ. ಎಂಜಿನಿಯರಾದರೋ ಅದಕ್ಕೆ 1,500 ಕಿಲೋಗ್ರಾಮಿಗಿಂತ ಹೆಚ್ಚು ಭಾರವನ್ನು ಹೊರಿಸಲು ಒಪ್ಪಲಾರನು.

ಮಿಕ್ಕ 1,000 ಕಿಲೋಗ್ರಾಮು ಎಲ್ಲಿ ಹೋಯಿತು? ಅದು ಜಗತ್ತಿನ ಅಪೂರ್ಣತೆಗೆಂದು ತೆಗೆದಿಟ್ಟ ಪಾಲು. ಉಕ್ಕಿನಲ್ಲಿ ಕಣ್ಣಿಗೆ ಕಾಣದ ದೋಷವಿರಬಹುದು, ಬೆಸುಗೆ ಸರಿಯಾಗಿ ಹತ್ತದೆ ಇರಬಹುದು, ತುಕ್ಕು ಹಿಡಿಯಬಹುದು, ಹತ್ತು ಜನ ನಿಲ್ಲಬೇಕಾದಲ್ಲಿ ಇಪ್ಪತ್ತು ಜನ ನಿಲ್ಲಬಹುದು. ತಡೆಯಬಲ್ಲ ಭಾರಕ್ಕೂ ಹೊರಿಸುವ ಭಾರಕ್ಕೂ ಇರುವ ಈ ಪ್ರಮಾಣಕ್ಕೆ ಸುರಕ್ಷಾ ಗುಣಕವೆಂದು ಹೆಸರು. ಮೇಲಿನ ಉದಾಹರಣೆಯಲ್ಲಿ ಅದು ಸುಮಾರು 1.67. ಯಾವ ಕೆಲಸಕ್ಕೆ ಎಷ್ಟು ಗುಣಕವಿರಬೇಕೆಂಬುದನ್ನು ಸಂಹಿತೆಗಳು ನಿಗದಿಮಾಡುತ್ತವೆ. ಆದರೆ ನಿಜವಾಗಿ ಕಟ್ಟಿದ ವಸ್ತುವಿನಲ್ಲಿ ಅಷ್ಟು ಗುಣಕ ಉಳಿದಿದೆಯೇ ಎಂಬುದನ್ನು ಯಾವ ಸಂಹಿತೆಯೂ ಬಂದು ನೋಡುವುದಿಲ್ಲ. ಅದನ್ನು ನೋಡಬೇಕಾದುದು ಎಂಜಿನಿಯರನ ಕಣ್ಣು. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂದು ನಮ್ಮ ಹಿರಿಯರು ಹೇಳಿದ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಕ್ವಿಬೆಕ್ಕಿನ ಪಾಠ

ಕಾಗದದ ಲೆಕ್ಕವೂ ಕಟ್ಟಡದ ಸ್ಥಳವೂ ಬೇರೆಯಾದರೆ ಏನಾಗುತ್ತದೆಂಬುದಕ್ಕೆ ಕೆನಡಾ ದೇಶದ ಕ್ವಿಬೆಕ್ ಸೇತುವೆ ಪ್ರಸಿದ್ಧವಾದ ನಿದರ್ಶನ. ಸೇಂಟ್ ಲಾರೆನ್ಸ್ ನದಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಈ ಉಕ್ಕಿನ ಸೇತುವೆಯ ನಡುಹರವು ಮೊದಲು 1,600 ಅಡಿ ಎಂದಿದ್ದುದನ್ನು ಅನಂತರ 1,800 ಅಡಿಗೆ ಹೆಚ್ಚಿಸಿದರು. ಹರವು ಹೆಚ್ಚಿದರೆ ಉಕ್ಕು ಹೆಚ್ಚು ಬೇಕು. ಉಕ್ಕು ಹೆಚ್ಚಿದರೆ ಸೇತುವೆ ಹೊರಬೇಕಾದ ತನ್ನ ಸ್ವಂತ ತೂಕವೂ ಹೆಚ್ಚು. ಆದರೆ ತೂಕದ ಹಳೆಯ ಅಂದಾಜನ್ನು ಸಕಾಲದಲ್ಲಿ ತಿದ್ದಲಿಲ್ಲ. ಹೆಚ್ಚಿನ ತೂಕ ಗೊತ್ತಾಗುವ ಹೊತ್ತಿಗೆ ಬಹಳಷ್ಟು ಉಕ್ಕು ತಯಾರಾಗಿಹೋಗಿತ್ತು. ಇಷ್ಟು ಹೆಚ್ಚಳವನ್ನು ಸಹಿಸಬಹುದೆಂದು ಕೆಲಸವನ್ನು ಮುಂದುವರಿಸಿದರು.

ಇಲ್ಲಿ ಒಂದು ಸಣ್ಣ ಪ್ರಯೋಗವನ್ನು ವಾಚಕರು ಮಾಡಿನೋಡಬಹುದು. ಒಂದು ಅಡಿ ಉದ್ದದ ತೆಳುವಾದ ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಅಂಗೈಯಿಂದ ಒತ್ತಿ. ಅದು ಪುಡಿಯಾಗುವುದಿಲ್ಲ, ಬದಲಾಗಿ ಥಟ್ಟನೆ ಪಕ್ಕಕ್ಕೆ ಬಳುಕುತ್ತದೆ. ಅರ್ಧ ಅಡಿಯ ಅಂಥದೇ ಸ್ಕೇಲನ್ನು ಬಳುಕಿಸಲು ನಾಲ್ಕರಷ್ಟು ಬಲ ಬೇಕು. ಬಳುಕಿಸುವ ಭಾರ ಉದ್ದದ ವರ್ಗಕ್ಕೆ ವಿಲೋಮವಾಗಿರುತ್ತದೆಂದು ಹದಿನೆಂಟನೆಯ ಶತಮಾನದಲ್ಲಿಯೇ ಆಯ್ಲರನು ತೋರಿಸಿಕೊಟ್ಟನು. ಕ್ವಿಬೆಕ್ ಸೇತುವೆಯ ಕೆಳಗಿನ ಭಾರಿ ತೊಲೆಗಳು ಇಂಥ ಒತ್ತಡಕ್ಕೆ ಸಿಕ್ಕಿದ್ದುವು. ಒಂದೊಂದು ತೊಲೆಯೂ ನಾಲ್ಕು ಪಟ್ಟಿಗಳನ್ನು ಅಡ್ಡ ಹೆಣಿಗೆಯಿಂದ ಒಟ್ಟುಗೂಡಿಸಿ ಮಾಡಿದುದು. ಹೆಣಿಗೆ ಬಿಗಿಯಾಗಿದ್ದರೆ ನಾಲ್ಕೂ ಸೇರಿ ಒಂದೇ ದಪ್ಪ ಕಂಬದಂತೆ ನಿಲ್ಲುತ್ತವೆ. ಹೆಣಿಗೆ ಸೋತರೆ ನಾಲ್ಕು ತೆಳು ಸ್ಕೇಲುಗಳಂತೆ ಬಳುಕುತ್ತವೆ. ಆ ಹೆಣಿಗೆ ದುರ್ಬಲವಾಗಿತ್ತು.

1907ರ ಆಗಸ್ಟ್ ತಿಂಗಳಲ್ಲಿ ಸ್ಥಳದಲ್ಲಿದ್ದ ತರುಣ ಎಂಜಿನಿಯರು ನಾರ್ಮನ್ ಮೆಕ್‌ಲೂರ್ ಒಂದು ತೊಲೆ ಬಾಗಿರುವುದನ್ನು ಅಳೆದು ನೋಡಿದನು. ಕೆಲವೇ ವಾರಗಳಲ್ಲಿ ಆ ಬಾಗು ಮುಕ್ಕಾಲು ಅಂಗುಲದಿಂದ ಎರಡೂಕಾಲು ಅಂಗುಲಕ್ಕೆ ಬೆಳೆದಿತ್ತು. ತೀರ್ಮಾನಿಸುವ ಅಧಿಕಾರ ಅವನಿಗಿರಲಿಲ್ಲ. ಅದು ನೂರಾರು ಮೈಲಿ ದೂರದ ನ್ಯೂಯಾರ್ಕಿನಲ್ಲಿದ್ದ ಹಿರಿಯ ಸಲಹೆಗಾರ ಥಿಯೊಡೋರ್ ಕೂಪರನದು. ವೃದ್ಧನೂ ಅಸ್ವಸ್ಥನೂ ಆಗಿದ್ದ ಕೂಪರನು ಬಹುಕಾಲದಿಂದ ಸ್ಥಳಕ್ಕೆ ಬಂದಿರಲಿಲ್ಲ. ಮೆಕ್‌ಲೂರ್ ತಾನೇ ಅಲ್ಲಿಗೆ ಹೋಗಿ ವಿಷಯ ತಿಳಿಸಿದನು. ಸೇತುವೆಯ ಮೇಲೆ ಇನ್ನು ಭಾರ ಹೇರಕೂಡದೆಂದು ಕೂಪರನು ತಂತಿ ಕಳುಹಿಸಿದನು; ಆದರೆ ಸ್ಥಳದಲ್ಲಿ ಕೆಲಸ ನಿಲ್ಲಲಿಲ್ಲ. ಆಗಸ್ಟ್ 29ರ ಸಂಜೆ ಸೇತುವೆ ಕುಸಿಯಿತು. 75 ಕೆಲಸಗಾರರು ಮಡಿದರು. ಅಂದು ಕಣ್ಣೂ ಇತ್ತು, ವಿದ್ಯೆಯೂ ಇತ್ತು, ಅಧಿಕಾರವೂ ಇತ್ತು. ಆದರೆ ಮೂರೂ ಒಂದೆಡೆ ಸೇರಿರಲಿಲ್ಲ.

ಕೆನಡಾದ ಎಂಜಿನಿಯರರು ಈ ಪಾಠವನ್ನು ಮರೆಯಲಿಲ್ಲ. 1925ರಿಂದ ಅಲ್ಲಿ ಒಂದು ಸಂಪ್ರದಾಯ ನಡೆದುಬಂದಿದೆ. ಪದವಿ ಪಡೆಯಲಿರುವ ತರುಣ ತರುಣಿಯರು ತಮ್ಮ ಕೆಲಸದ ಹೊಣೆಯನ್ನು ಕುರಿತು ಪ್ರತಿಜ್ಞೆಮಾಡಿ, ಬರೆಯುವ ಕೈಯ ಕಿರುಬೆರಳಿಗೆ ಒಂದು ಸರಳವಾದ ಲೋಹದುಂಗುರವನ್ನು ಧರಿಸುತ್ತಾರೆ. ಮೊದಲ ಉಂಗುರಗಳನ್ನು ಕುಸಿದ ಸೇತುವೆಯ ಕಬ್ಬಿಣದಿಂದಲೇ ಮಾಡಿದ್ದರೆಂಬುದು ಕಟ್ಟುಕಥೆ. ಆದರೆ ನಕ್ಷೆಯ ಮೇಲೆ ಕೈಯಿಟ್ಟಾಗಲೆಲ್ಲ ಉಂಗುರ ಕಾಗದಕ್ಕೆ ತಾಗುವುದು ಕಟ್ಟುಕಥೆಯಲ್ಲ.

ನಮ್ಮಲ್ಲಿ ನಡೆದುದೇನು?

ಇನ್ನು ನಮ್ಮ ನಾಡಿಗೆ ಬರೋಣ. ಮೈಸೂರು ಸಂಸ್ಥಾನದ ಎಂಜಿನಿಯರಿಂಗ್ ಕಾಲೇಜು ಬೆಂಗಳೂರಿನಲ್ಲಿ 1917ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಸ್ಥಾಪಿತವಾಯಿತು. ಅವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಕೈಕಸುಬಿನ ಶಿಕ್ಷಣಕ್ಕಾಗಿ 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯ ಹಿಂದೆಯೂ ಅವರ ಪ್ರಯತ್ನವಿತ್ತು. ಲೆಕ್ಕ ಹಾಕುವವನೂ ಕೈಯಿಂದ ಮಾಡುವವನೂ ಒಂದೇ ನಾಡಿಗೆ ಬೇಕಾದವರೆಂಬುದನ್ನು ಅವರು ಬಲ್ಲವರಾಗಿದ್ದರು.

1946ರಲ್ಲಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ, 1947ರಲ್ಲಿ ಹುಬ್ಬಳ್ಳಿಯಲ್ಲಿ ಖಾಸಗಿ ಕಾಲೇಜುಗಳು ಹುಟ್ಟಿದುವು. 1960ರಲ್ಲಿ ಸುರತ್ಕಲ್ಲಿನ ಪ್ರಾದೇಶಿಕ ಕಾಲೇಜು ಬಂದಿತು. ಮುಂದೆ ಕಾಲೇಜುಗಳು ಒಂದರ ಹಿಂದೊಂದರಂತೆ ತಲೆಯೆತ್ತಿದುವು. ಸೀಟಿಗೆ ಬೆಲೆ ಕಟ್ಟುವ ಕ್ಯಾಪಿಟೇಷನ್ ಶುಲ್ಕದ ಪಿಡುಗು ಎಷ್ಟು ಬೆಳೆಯಿತೆಂದರೆ, ಅದನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 1984ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದುವು.

ಈ ವಿಸ್ತಾರವನ್ನು ಸುಮ್ಮನೆ ಹಳಿಯುವುದು ನ್ಯಾಯವಲ್ಲ. ಹಳ್ಳಿಯ ರೈತರ ಮಕ್ಕಳು, ಅದುವರೆಗೆ ಈ ವಿದ್ಯೆಯ ಹೊಸಿಲನ್ನೂ ಕಾಣದಿದ್ದ ಮನೆಗಳ ಹೆಣ್ಣುಮಕ್ಕಳು ಎಂಜಿನಿಯರಾದುದು ಇದರಿಂದಲೇ. ಹಿಂದಿನ ಗೌರವ ಕೆಲವೇ ಮಂದಿಗೆ ದಕ್ಕುತ್ತಿದ್ದುದರಿಂದ ಬಂದುದಾಗಿದ್ದರೆ ಅದು ಹೋದುದೇ ಒಳ್ಳೆಯದು. ತೊಂದರೆಯಿರುವುದು ಬೇರೆಡೆ. ಕೋಣೆಗಳನ್ನು ಕಟ್ಟಿದಷ್ಟು ಬೇಗ ಗುರುಗಳನ್ನು ತಯಾರುಮಾಡಲಾಗುವುದಿಲ್ಲ. ತರಗತಿಗಳನ್ನು ಹೆಚ್ಚಿಸಿದಷ್ಟು ಸುಲಭವಾಗಿ ಕಾರ್ಯಾಗಾರಗಳನ್ನು ಹೆಚ್ಚಿಸಲಾಗುವುದಿಲ್ಲ. ಹೀಗಾಗಿ ಅನೇಕ ಕಡೆ ಶಿಕ್ಷಣವೆಂಬುದು ಪರೀಕ್ಷೆಗೆ ಕುಗ್ಗಿತು. ಪ್ರಯೋಗ ಮಾಡುವ ಮೊದಲೇ ಉತ್ತರ ಗೊತ್ತಿರುತ್ತದೆ. ಹಿಂದಿನ ವರ್ಷದವರ ದಾಖಲೆ ಪುಸ್ತಕದಿಂದ ಅಂಕಿಗಳನ್ನು ಇಳಿಸಿಕೊಂಡರಾಯಿತು. ಇದನ್ನು ಸಣ್ಣ ತಪ್ಪೆಂದು ವಿದ್ಯಾರ್ಥಿಗಳು ಭಾವಿಸಬಾರದು. ನೋಡದುದನ್ನು ನೋಡಿದೆನೆಂದು ಬರೆಯುವ ಅಭ್ಯಾಸ ಪ್ರಯೋಗಶಾಲೆಯಲ್ಲಿ ಮೊದಲಾದರೆ ಸೇತುವೆಯ ತಪಾಸಣಾ ವರದಿಯಲ್ಲಿ ಮುಗಿಯುತ್ತದೆ.

ಇದರ ಜೊತೆಗೆ ಸಾಫ್ಟ್‌ವೇರ್ ಉದ್ಯಮ ಬೆಳೆಯಿತು. ಅದು ಸಿವಿಲ್, ಮೆಕ್ಯಾನಿಕಲ್ ಎಂದು ನೋಡದೆ ಎಲ್ಲ ಶಾಖೆಗಳ ಪದವೀಧರರನ್ನೂ ತೆಗೆದುಕೊಂಡು, ತಿಂಗಳುಗಟ್ಟಲೆ ತಾನೇ ಹೊಸದಾಗಿ ತರಬೇತಿ ಕೊಡಲಾರಂಭಿಸಿತು. ಇದರಿಂದ ಲಕ್ಷಾಂತರ ಮನೆಗಳಿಗೆ ಅನ್ನ ದೊರೆಯಿತು. ಆದರೆ ನಾಲ್ಕು ವರ್ಷ ಓದಿದ ವಿದ್ಯೆ ಯಾವುದೆಂಬುದು ಮುಖ್ಯವಲ್ಲವೆಂಬ ಭಾವನೆಯನ್ನೂ ಅದು ಬೆಳೆಸಿತು. ಸಾಫ್ಟ್‌ವೇರು ಕೀಳಾದ ಎಂಜಿನಿಯರಿಂಗ್ ಎಂದು ಇದರ ಅರ್ಥವಲ್ಲ. 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಾಗಳ ಆಸ್ಪತ್ರೆಗಳಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಉಣಿಸಿತು, ಕೆಲವರು ಸತ್ತರು. ಹಿಂದಿನ ಮಾದರಿಯಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು ಎಲ್ಲವನ್ನೂ ದೋಷವಿದ್ದ ಸಾಫ್ಟ್‌ವೇರಿಗೆ ಒಪ್ಪಿಸಿದುದೇ ಇದಕ್ಕೆ ಮುಖ್ಯ ಕಾರಣ. ಉಕ್ಕಾಗಲಿ, ಗಣಕದ ಆಜ್ಞೆಯಾಗಲಿ, ಹೊಣೆ ಒಂದೇ.

ರುಜುವಿನ ಬೆಲೆ

2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ಮಚ್ಛು ನದಿಯ ಮೇಲಿನ ಹಳೆಯ ತೂಗುಸೇತುವೆ ಕಡಿದುಬಿದ್ದು 135 ಮಂದಿ ಪ್ರಾಣ ಕಳೆದುಕೊಂಡರು. ದುರಸ್ತಿಯಾಗಿ ತೆರೆದು ನಾಲ್ಕು ದಿನಗಳಾಗಿದ್ದುವು. ತನಿಖೆಯಲ್ಲಿ ಕಂಡುಬಂದ ಒಂದು ಸಂಗತಿಯನ್ನು ನೋಡಿ. ಕಡಿದ ಹಗ್ಗದಲ್ಲಿದ್ದ 49 ಉಕ್ಕಿನ ತಂತಿಗಳಲ್ಲಿ 22 ತಂತಿಗಳು ಮೊದಲೇ ತುಕ್ಕು ಹಿಡಿದಿದ್ದುವು. ಆ 22ನ್ನೂ ಲೆಕ್ಕಕ್ಕೆ ಹಿಡಿಯದೆ ಭಾರವನ್ನು ಉಳಿದ 27ಕ್ಕೆ ಹಂಚಿದರೆ ಪ್ರತಿಯೊಂದರ ಮೇಲೂ ಬೀಳುವ ಎಳೆತ 49ನ್ನು 27ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 1.8 ಪಟ್ಟು. ಮೇಲೆ ನಾವು ಕಂಡ 1.67ರ ಗುಣಕವಿದ್ದಿದ್ದರೆ ಅದೂ ಇದರಲ್ಲಿ ಮುಗಿದುಹೋಗುತ್ತಿತ್ತು. ಸೇತುವೆಯನ್ನು ಮತ್ತೆ ತೆರೆಯುವ ಮುನ್ನ ಭಾರಪರೀಕ್ಷೆ ನಡೆದಿರಲಿಲ್ಲವೆಂದೂ ತನಿಖೆ ತಿಳಿಸಿತು. ಈ ಭಾಗಾಕಾರ ಕಷ್ಟದ್ದಲ್ಲ. ಅದನ್ನು ಮಾಡುವುದು ತನ್ನ ಕರ್ತವ್ಯವೆಂದು ತಿಳಿದ ಒಬ್ಬ ಎಂಜಿನಿಯರು, ಆತನ ರುಜುವಿಲ್ಲದೆ ಬಾಗಿಲು ತೆರೆಯಕೂಡದೆಂಬ ಏರ್ಪಾಡು, ಇವೆರಡು ಅಲ್ಲಿ ಬೇಕಾಗಿದ್ದುವು.

ಭಾರತದಲ್ಲಿ ವಕೀಲರಿಗೆ 1961ರ ಕಾಯಿದೆಯಿದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯಿದೆಯಿದೆ. ನೋಂದಣಿಯಿಲ್ಲದೆ ಒಬ್ಬನು ವಕೀಲಿ ಮಾಡುವಂತಿಲ್ಲ, ತಪ್ಪು ನಡೆದರೆ ಆ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಎಂಜಿನಿಯರರಿಗೆ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಕಾಯಿದೆ ಈ ಶತಮಾನದ ಮೊದಲ ಎರಡು ದಶಕಗಳು ಕಳೆದರೂ ಬರಲಿಲ್ಲ. ಅಮೆರಿಕ, ಕೆನಡಾಗಳಲ್ಲಿ ಪದವಿ ಪಡೆದೊಡನೆ ನಕ್ಷೆಗೆ ಮುದ್ರೆಯೊತ್ತುವ ಅಧಿಕಾರ ಬರುವುದಿಲ್ಲ; ಅನುಭವಿಗಳ ಕೈಕೆಳಗೆ ಸಾಮಾನ್ಯವಾಗಿ ನಾಲ್ಕು ವರ್ಷ ದುಡಿದು, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕಾಯಿದೆಯೊಂದರಿಂದಲೇ ಸಜ್ಜನರು ಹುಟ್ಟುವುದಿಲ್ಲ, ನಿಜ. ಆದರೆ ಕಳೆದುಕೊಳ್ಳಬಹುದಾದ ಹಕ್ಕನ್ನು ಮಾತ್ರವೇ ಮನುಷ್ಯನು ಜೋಪಾನಮಾಡುತ್ತಾನೆ.

ಮೇಲಿನ ವಿಚಾರಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ವೃತ್ತಿಯ ಮರ್ಯಾದೆ ಹೊಣೆಯ ನೆರಳು. ಹೊಣೆ ಕುಗ್ಗಿದಲ್ಲಿ ಮರ್ಯಾದೆಯೂ ಕುಗ್ಗುತ್ತದೆ. ಹೊಣೆಯನ್ನು ಹೊರಬಲ್ಲವರನ್ನು ತಯಾರುಮಾಡದ ಶಿಕ್ಷಣ ಎಷ್ಟು ಪದವಿಗಳನ್ನು ಹಂಚಿದರೂ ಆ ಮರ್ಯಾದೆಯನ್ನು ಮರಳಿ ತರಲಾರದು. ಸಂಬಳ ಹೆಚ್ಚಿಸುವುದರಿಂದಲೂ ಅದು ಬಾರದು. ವರ್ಷಕ್ಕೊಮ್ಮೆ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಚಿತ್ರಕ್ಕೆ ಹಾರ ಹಾಕುವುದರಿಂದಲೂ ಬಾರದು.

ಆದುದರಿಂದ ಎಂಜಿನಿಯರಿಂಗ್ ಕಾಲೇಜಿಗೆ ಹೊರಟಿರುವ ವಿದ್ಯಾರ್ಥಿಗಳಿಗೆ ನಮ್ಮ ಮಾತು ಇಷ್ಟೆ. ಯಾವ ಶಾಖೆಗೆ ಬೇಡಿಕೆ ಹೆಚ್ಚೆಂದು ಕೇಳುವುದರೊಡನೆ, ಯಾವ ಕೆಲಸದ ಹೊಣೆಯನ್ನು ಹೊರಲು ನಿಮಗೆ ಮನಸ್ಸಿದೆಯೆಂಬುದನ್ನೂ ಕೇಳಿಕೊಳ್ಳಿ. ರಜೆಯಲ್ಲಿ ಊರಿನ ಬಳಿ ಸೇತುವೆಯನ್ನೋ ಕಟ್ಟಡವನ್ನೋ ಕಟ್ಟುತ್ತಿದ್ದರೆ ಹೋಗಿ ನೋಡಿ. ಮೇಸ್ತ್ರಿಯನ್ನು ಪ್ರಶ್ನಿಸಲು ಸಂಕೋಚಪಡಬೇಡಿ, ಪುಸ್ತಕದಲ್ಲಿಲ್ಲದ ಎಷ್ಟೋ ವಿಷಯಗಳು ಅವನ ಕೈಯಲ್ಲಿರುತ್ತವೆ. ಪ್ರಯೋಗಶಾಲೆಯಲ್ಲಿ ನಿಮ್ಮ ಅಂಕಿ ಪುಸ್ತಕದ ಅಂಕಿಗೆ ಹೊಂದದಿದ್ದರೆ ನಿಮ್ಮ ಅಂಕಿಯನ್ನೇ ಬರೆಯಿರಿ. ಏಕೆ ಹೊಂದಲಿಲ್ಲವೆಂಬುದನ್ನು ಅನಂತರ ಹುಡುಕಿ. ಕ್ವಿಬೆಕ್ಕಿನಲ್ಲಿ ತೊಲೆಯ ಬಾಗನ್ನು ಅಳೆದವನು ಮಾಡಿದುದೂ ಇಷ್ಟೇ: ಕಂಡುದನ್ನು ಕಂಡಂತೆ ಬರೆದುಕೊಂಡನು.